ಟೂರಿಂಗ್ ಬೈಕಿಗೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಸದ್ದು

ಮಂಜೇಶ್ವರದಿಂದ ಬೇಕಲದವರೆಗೆ ಕಡಲ ಬದಿಯಲ್ಲೇ ಓಡುವ ಬೈಕಿಗೆ ಮೊದಲ ಶತ್ರು ಉಪ್ಪುಗಾಳಿ, ಎರಡನೆಯದು ಜೂನ್ ಮಳೆ. ಕಾಗದದ ಕೋನಿನ (ಅದುರಿ ಸದ್ದು ಹೊರಡಿಸುವ ಭಾಗ) ಕಾರ್ ಸ್ಪೀಕರ್ ಎಷ್ಟೇ ಅಗ್ಗವಾದರೂ ಬೇಡ. ಪಾಲಿಪ್ರೊಪಿಲೀನ್ ಕೋನಿನ, 4 ಇಂಚಿನ, 4 ಓಮ್ ಮೆರೈನ್ (ದೋಣಿಗಳಿಗೆಂದು ನೀರು ತಡೆಯುವಂತೆ ಮಾಡಿದ) ಸ್ಪೀಕರ್ ಒಂದು ಜೋಡಿ ಸಾಕು. ದುಡ್ಡು ಉಳಿಸುವುದಾದರೆ ಆಂಪ್ಲಿಫೈಯರಿನಲ್ಲಿ ಉಳಿಸಿ, ವೈರಿನಲ್ಲಿ ಖಂಡಿತ ಬೇಡ.

ಚಾನಲಿಗೆ, ಅಂದರೆ ಒಂದೊಂದು ಸ್ಪೀಕರಿಗೆ, ನಿರಂತರವಾಗಿ 50 ವಾಟ್ ಆರ್‌ಎಂಎಸ್ ಕೊಡುವ ಕ್ಲಾಸ್-ಡಿ (ಕರೆಂಟ್ ಕಡಿಮೆ ಪೋಲು ಮಾಡುವ ಬಗೆಯ) ಆಂಪ್ಲಿಫೈಯರ್, ಅಂದರೆ ಆಂಪ್, ಪೂರ್ಣ ಸದ್ದಿನಲ್ಲಿ ಸುಮಾರು 10 ಆಂಪಿಯರ್ ಎಳೆಯುತ್ತದೆ. ಆದ್ದರಿಂದ 2.5 ಚದರ ಮಿ.ಮೀ. ವೈರು, ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್. ಅಲ್ಲಿಂದ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) 30 ಎಂದು ಬರೆದ ಪಿನ್ನಿಗೆ, 87ನೇ ಪಿನ್ನಿನಿಂದ ಆಂಪಿಗೆ. ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರು 86ಕ್ಕೆ, 85 ಅರ್ತಿಗೆ. ರಿಲೇ ಹಾಕದಿದ್ದರೆ ಕೀಲಿ ತೆಗೆದರೂ ಆಂಪ್ ಕರೆಂಟ್ ಎಳೆಯುತ್ತಿದ್ದು, ಬೆಳಗ್ಗೆ ಬ್ಯಾಟರಿ ಖಾಲಿಯಾಗಿರಬಹುದು.

ಆಂಪಿನ ಅರ್ತ್ ಚಾಸಿಗೆ (ಬೈಕಿನ ಲೋಹದ ಚೌಕಟ್ಟಿಗೆ) ಬೇಡ, ನೇರ ಬ್ಯಾಟರಿಯ ಮೈನಸ್‌ಗೆ ಕೊಡಿ. ಎಂಜಿನ್ ಏರಿದಂತೆ ಏರುವ ಕುಂಯ್ ಸದ್ದಿಗೆ ಬಹಳ ಸಲ ಚಾಸಿಗೆ ಕೊಟ್ಟ ಅರ್ತೇ ಕಾರಣ.

ಸ್ಪೀಕರ್ ಕೂರಿಸುವ ಮೊದಲು 1.5 ವೋಲ್ಟ್ ಸೆಲ್ಲನ್ನು ಅದರ ಎರಡು ತುದಿಗಳಿಗೆ ಕ್ಷಣಕಾಲ ಮುಟ್ಟಿಸಿ. ಕೋನ್ ಹೊರಗೆ ಉಬ್ಬಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ತುದಿಯೇ ಪ್ಲಸ್. ಎರಡರಲ್ಲಿ ಒಂದು ಸ್ಪೀಕರಿನ ಪ್ಲಸ್-ಮೈನಸ್ ತಿರುವುಮುರುವಾದರೂ ಬೇಸ್ ಮಾಯವಾಗುತ್ತದೆ, ಜನ ಸ್ಪೀಕರನ್ನೇ ಬೈಯುತ್ತಾರೆ.

ಹ್ಯಾಂಡಲ್ ಎರಡೂ ಬದಿ ಪೂರ್ತಿ ತಿರುಗಿಸಿ, ವೈರು ಎಳೆಯಬಾರದು. ಕನೆಕ್ಟರಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹಾಯಿಸದ, ನೀರು ತಡೆಯುವ ಗ್ರೀಸ್) ಹಚ್ಚಿ, ಆಂಪಿನ ವೈರುಗಳು ಕೆಳಮುಖವಾಗಿರಲಿ, ನೀರು ತೊಟ್ಟಿಕ್ಕಿ ಹೋಗಲಿ.