ಎನ್‌ಎಚ್‌ಎಸ್‌ನಿಂದ ಅಮೆರಿಕದ ವಾರ್ಡಿಗೆ: ಪರೀಕ್ಷೆಗೆ ಓದುವ ಮುನ್ನ ಹಳೆಯ ಕಾಗದ ಹುಡುಕಿ

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನನ್ನ ಜೊತೆ ರಾತ್ರಿಪಾಳಿ ಮಾಡುತ್ತಿದ್ದ ನರ್ಸ್ ಗೆಳತಿಯೊಬ್ಬಳು ಅಮೆರಿಕದ ನರ್ಸ್ ಪರವಾನಗಿ ಪರೀಕ್ಷೆಗೆಂದು ಎಂಟು ತಿಂಗಳು ಓದಿದಳು. ಬ್ರಿಟನ್ನಿನಲ್ಲಿಯೇ ಹುಟ್ಟಿ, ಅಲ್ಲಿಯೇ ಓದಿದ ಇಂಗ್ಲಿಷ್ ಹುಡುಗಿ. ಮನೆಯವರು ನಕಾಶೆ ಹರಡಿಕೊಂಡು ಊರು ಆರಿಸುತ್ತಿದ್ದಾಗ ಅಮೆರಿಕದ ರಾಜ್ಯವೊಂದರ ನರ್ಸಿಂಗ್ ಮಂಡಳಿಯಿಂದ ಒಂದು ಪುಟದ ಪತ್ರ ಬಂತು. ತರಬೇತಿಯಲ್ಲಿ ಹೆರಿಗೆ ಮತ್ತು ಮಕ್ಕಳ ವಿಭಾಗದ ಗಂಟೆಗಳು ಸಾಲವು, ಪರೀಕ್ಷೆಗೆ ಕೂರಲು ಅನುಮತಿ ಇಲ್ಲ. ಹದಿನಾಲ್ಕು ವರ್ಷ ಶಸ್ತ್ರಚಿಕಿತ್ಸೆಯ ವಾರ್ಡು ನಡೆಸಿದವಳಿಗೆ ಸಿಕ್ಕ ಉತ್ತರ ಇದು.

ನಾನು ಮಂಗಳೂರಿನಲ್ಲಿ ಓದಿ, ಒಂಬತ್ತು ವರ್ಷ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಡಿದು, ಈಗ ಓಹಿಯೋದಲ್ಲಿದ್ದೇನೆ. ಬ್ರಿಟನ್ನಿನಿಂದ ವಾರಕ್ಕೊಂದಾದರೂ ಕರೆ ಬರುತ್ತದೆ: "ಅಕ್ಕಾ, ಎನ್‌ಕ್ಲೆಕ್ಸ್‌ಗೆ ಯಾವ ಆ್ಯಪ್ ಕೊಳ್ಳಲಿ?" ಎನ್‌ಕ್ಲೆಕ್ಸ್ ಎಂದರೆ ಅದೇ ಅಮೆರಿಕದ ಪರವಾನಗಿ ಪರೀಕ್ಷೆ. ಆ್ಯಪ್ ನಾಲ್ಕನೆಯ ಹಂತ. ಮೊದಲನೆಯದರಿಂದ ಹೊರಡೋಣ.

ಹಂತ 1: ಗಂಟೆಗಳ ಲೆಕ್ಕ

ಬ್ರಿಟನ್ನಿನಲ್ಲಿ ನರ್ಸಿಂಗ್‌ಗೆ ಸೇರುವಾಗಲೇ ಶಾಖೆ ಆರಿಸಿಕೊಳ್ಳಬೇಕು. ವಯಸ್ಕರು, ಮಕ್ಕಳು, ಮಾನಸಿಕ ಆರೋಗ್ಯ, ಕಲಿಕಾ ನ್ಯೂನತೆ ಎಂದು ನಾಲ್ಕು. ನರ್ಸ್‌ಗಳ ನೋಂದಣಿ ಮಾಡುವ ಅಲ್ಲಿನ ಸಂಸ್ಥೆ ಎನ್‌ಎಂಸಿಯ ಪಟ್ಟಿಯಲ್ಲೂ ಹೆಸರಿನ ಪಕ್ಕ ಶಾಖೆ ಇರುತ್ತದೆ. ಅಮೆರಿಕದಲ್ಲಿ ಇಂಥ ಶಾಖೆಗಳೇ ಇಲ್ಲ. ಅಲ್ಲಿ ರಿಜಿಸ್ಟರ್ಡ್ ನರ್ಸ್ ಎಂದರೆ ವಯಸ್ಕರ ವೈದ್ಯಕೀಯ-ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳು, ಮಾನಸಿಕ ಆರೋಗ್ಯ ನಾಲ್ಕನ್ನೂ ತರಗತಿಯಲ್ಲಿ ಕಲಿತು, ನಾಲ್ಕರಲ್ಲೂ ರೋಗಿಗಳ ಬಳಿ ನಿಂತವರು. ಬ್ರಿಟನ್ನಿನ ತರಬೇತಿ ಒಟ್ಟು 4,600 ಗಂಟೆಯದು, ಅರ್ಧ ಪಾಠ, ಅರ್ಧ ವಾರ್ಡು. ಅಷ್ಟಿದ್ದೂ ಅಮೆರಿಕದವರು ಕೇಳುವ ಮೂಲೆಯಲ್ಲಿ ಮಾತ್ರ ಸೊನ್ನೆ ಕಾಣುತ್ತದೆ.

ಎಷ್ಟೋ ಬಾರಿ ಆ ಸೊನ್ನೆ ಸುಳ್ಳು. ವಯಸ್ಕರ ಶಾಖೆಯ ವಿದ್ಯಾರ್ಥಿಯನ್ನೂ ಹೆರಿಗೆ ವಿಭಾಗಕ್ಕೆ ಒಂದೆರಡು ವಾರ, ಮಕ್ಕಳ ವಾರ್ಡಿಗೆ ಕೆಲವು ದಿನ ಕಳಿಸಿರುತ್ತಾರೆ. ಆದರೆ ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ ಇರುವುದು ‘ವ್ಯಕ್ತಿಕೇಂದ್ರಿತ ಆರೈಕೆ - ಭಾಗ 2’ ಎಂಬಂಥ ಹೆಸರುಗಳು. ಅದರೊಳಗೆ ಬಾಣಂತಿ ಇದ್ದಳೋ ಮುದುಕ ಇದ್ದನೋ ಅಮೆರಿಕದ ಗುಮಾಸ್ತನಿಗೆ ಹೇಗೆ ತಿಳಿಯಬೇಕು? ಬರೆದಿಲ್ಲ ಎಂದರೆ ಆಗಿಲ್ಲ. ನರ್ಸ್‌ಗಳಿಗೆ ಈ ನಿಯಮವನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಆದ್ದರಿಂದ ಮೊದಲು ಅಟ್ಟ ಹತ್ತಿ. ವಿದ್ಯಾರ್ಥಿಯಾಗಿದ್ದಾಗಿನ ಪ್ರಾಯೋಗಿಕ ದಾಖಲೆ ಪುಸ್ತಕ, ವಾರ್ಡುಗಳ ವೇಳಾಪಟ್ಟಿ, ಮೇಲ್ವಿಚಾರಕರ ಸಹಿ ಇರುವ ಹಾಳೆ ಏನಿದ್ದರೂ ಇಳಿಸಿ. ಯಾವ ವರ್ಷ, ಯಾವ ವಿಭಾಗ, ಎಷ್ಟು ಗಂಟೆ ಎಂದು ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿ. ಬಳಿಕ ವಿಶ್ವವಿದ್ಯಾಲಯದ ಸಾಮಾನ್ಯ ಪರೀಕ್ಷಾ ಕಚೇರಿಗೆ ಬರೆಯಬೇಡಿ, ಅವರು ಅದೇ ಅಂಕಪಟ್ಟಿಯ ಇನ್ನೊಂದು ಪ್ರತಿ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ನರ್ಸಿಂಗ್ ವಿಭಾಗದಲ್ಲಿ ಕೋರ್ಸಿನ ಹೊಣೆ ಹೊತ್ತವರಿಗೆ ನೇರವಾಗಿ ಬರೆದು, ನಿಮ್ಮ ಪಟ್ಟಿ ಲಗತ್ತಿಸಿ, ಪ್ರತಿ ವಿಷಯಕ್ಕೆ ಪಾಠದ ಗಂಟೆ ಮತ್ತು ವಾರ್ಡಿನ ಗಂಟೆಯನ್ನು ಬೇರೆ ಬೇರೆ ತೋರಿಸುವ ಪತ್ರ ಕೇಳಿ. ಪಟ್ಟಿ ಅವರ ನೆನಪಿಗೆ ಆಸರೆ ಅಷ್ಟೆ. ಅಂಕಿ ತುಂಬಿ, ಸಹಿ ಮಾಡಿ, ದಾಖಲೆ ಪರಿಶೀಲಿಸುವ ಸಂಸ್ಥೆಗೆ ನೇರವಾಗಿ ಕಳಿಸಬೇಕಾದವರು ಅವರೇ. ಫಿಲಡೆಲ್ಫಿಯಾದ ಆ ಸಂಸ್ಥೆಯನ್ನು ನಾವೆಲ್ಲ ಸಿಜಿಎಫ್‌ಎನ್‌ಎಸ್ ಎಂದೇ ಕರೆಯುತ್ತೇವೆ. ಈಚೆಗೆ ಟ್ರೂಮೆರಿಟ್ ಎಂದು ಹೆಸರು ಬದಲಿಸಿಕೊಂಡಿದೆ. ನಿಮ್ಮ ಕೈ ದಾಟಿ ಬಂದ ಲಕೋಟೆ, ಎಷ್ಟೇ ಮೊಹರು ಇರಲಿ, ಅವರಿಗೆ ಬೇಡ. ಎನ್‌ಎಂಸಿ ನೋಂದಣಿಯ ದೃಢೀಕರಣವೂ ಹೀಗೆಯೇ ನೇರವಾಗಿ ಹೋಗಬೇಕು.

1990ರ ದಶಕಕ್ಕೂ ಹಿಂದೆ ಆಸ್ಪತ್ರೆಗಳಿಗೇ ಅಂಟಿಕೊಂಡಿದ್ದ ನರ್ಸಿಂಗ್ ಶಾಲೆಗಳಲ್ಲಿ ಓದಿದವರ ಪಾಡು ಇನ್ನೂ ಕಷ್ಟ. ಆ ಶಾಲೆಗಳು ವಿಶ್ವವಿದ್ಯಾಲಯಗಳೊಳಗೆ ಸೇರಿಹೋದವು. ಯಾವ ಶಾಲೆಯ ಕಡತ ಯಾರ ನೆಲಮಾಳಿಗೆಗೆ ಹೋಯಿತು ಎಂದು ಪತ್ತೆ ಹಚ್ಚುವುದರಲ್ಲೇ ತಿಂಗಳುಗಳು ಕಳೆಯುತ್ತವೆ.

ಗಂಟೆ ನಿಜಕ್ಕೂ ಕಡಿಮೆ ಇದ್ದರೆ? ಮಂಡಳಿ ಯಾವ ವಿಷಯದಲ್ಲಿ ಎಷ್ಟು ಕೊರತೆ ಎಂದು ಬರೆದು ತಿಳಿಸುವವರೆಗೆ ಯಾವ ಕೋರ್ಸಿಗೂ ದುಡ್ಡು ಕಟ್ಟಬೇಡಿ. ಕೊರತೆ ತುಂಬುವ ಕೋರ್ಸನ್ನು ಒಪ್ಪುತ್ತೀರಾ ಎಂದು ಕೋರ್ಸಿನ ಹೆಸರು ಹಾಕಿಯೇ ಮಂಡಳಿಯನ್ನು ಕೇಳಿ, ಲಿಖಿತ ಉತ್ತರ ಇಟ್ಟುಕೊಳ್ಳಿ. ಬರೀ ಆನ್‌ಲೈನ್ ಪಾಠದಿಂದ ವಾರ್ಡಿನ ಗಂಟೆ ಹುಟ್ಟುವುದಿಲ್ಲ. ಮಕ್ಕಳ ಶಾಖೆ, ಮಾನಸಿಕ ಆರೋಗ್ಯ ಶಾಖೆಯವರಿಗೆ ನನ್ನ ಸಲಹೆ ಕಹಿಯಾದರೂ ಒಂದೇ: ಮೊದಲು ಬ್ರಿಟನ್ನಿನಲ್ಲಿಯೇ ವಯಸ್ಕರ ಶಾಖೆಯ ಎರಡನೆಯ ನೋಂದಣಿ ಮಾಡಿಕೊಳ್ಳಿ, ಆಮೇಲೆ ಅಮೆರಿಕದ ಮಾತು.

‘ಗಂಟೆ ಹೊಂದಿಸಿಕೊಡುತ್ತೇವೆ’ ಎನ್ನುವವರು ವಾಟ್ಸ್‌ಆ್ಯಪ್‌ನಲ್ಲಿ ಸಿಗುತ್ತಾರೆ. 2023ರ ಜನವರಿಯಲ್ಲಿ ಫ್ಲಾರಿಡಾದ ಮೂರು ನರ್ಸಿಂಗ್ ಶಾಲೆಗಳಿಂದ ಸುಮಾರು 7,600 ನಕಲಿ ಡಿಪ್ಲೊಮಾಗಳು ಮಾರಾಟವಾಗಿದ್ದು ಬಯಲಾಯಿತು. ಕೊಂಡವರು ಪರವಾನಗಿ ಕಳೆದುಕೊಳ್ಳುತ್ತಿರುವ ಕಾಲದಲ್ಲಿ ಅಂಥವರ ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳುವುದೂ ಬೇಡ.

ಭಾರತದಲ್ಲಿ ಓದಿ ಬ್ರಿಟನ್ನಿಗೆ ಹೋದವರಿಗೆ ಇಲ್ಲಿ ಅನುಕೂಲವಿದೆ. ನಮ್ಮ ಜಿಎನ್‌ಎಂ ಡಿಪ್ಲೊಮಾ, ಬಿಎಸ್ಸಿ ನರ್ಸಿಂಗ್ ಎರಡರಲ್ಲೂ ನಾಲ್ಕು ವಿಷಯಗಳೂ ಇವೆ. ಹೆರಿಗೆ ವಾರ್ಡಿನ ರಾತ್ರಿಗಳನ್ನು ಆಗ ಶಪಿಸಿದ್ದೆ. ಈಗ ಅವೇ ಕೈಹಿಡಿದವು. ನಮ್ಮ ತೊಡಕು ಹೆಸರಿನದು. ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದ ಅಪ್ಪನ ಹೆಸರು, ಎನ್‌ಎಂಸಿಯಲ್ಲಿ ಗಂಡನ ಮನೆತನದ ಹೆಸರು. ಒಬ್ಬಳೇ ಹೆಂಗಸು ಕಾಗದದಲ್ಲಿ ಮೂವರಾಗಿರುತ್ತಾಳೆ. ಮದುವೆಯ ನೋಂದಣಿ ಪತ್ರ ಮತ್ತು ಹೆಸರಿನ ಪ್ರಮಾಣಪತ್ರವನ್ನು ಅರ್ಜಿಯ ಜೊತೆಗೇ ಕಳಿಸಿ, ಪ್ರಶ್ನೆ ಬರಲೆಂದು ಕಾಯಬೇಡಿ. ಕಾಲೇಜು ಮತ್ತು ರಾಜ್ಯ ನರ್ಸಿಂಗ್ ಪರಿಷತ್ತಿನ ದೃಢೀಕರಣಕ್ಕೆ ಊರಿನಲ್ಲಿ ಒಬ್ಬರು ಓಡಾಡುವವರು ಬೇಕು. ಇಮೇಲ್ ನಂಬಿ ಕೂತವರು ಇನ್ನೂ ಕೂತೇ ಇದ್ದಾರೆ. ನನ್ನ ಕಡತ ಅಲ್ಲಾಡಿದ್ದು ನನ್ನ ತಮ್ಮ ಮೂರು ಸಲ ಬೆಂಗಳೂರಿನ ರೈಲು ಹತ್ತಿದ ಮೇಲೆ.

ಹಂತ 2: ರಾಜ್ಯದ ಆಯ್ಕೆ

ಪರೀಕ್ಷೆ ದೇಶಕ್ಕೆಲ್ಲ ಒಂದೇ, ಪರವಾನಗಿ ಮಾತ್ರ ರಾಜ್ಯದ್ದು. ಎಲ್ಲರೂ ಕ್ಯಾಲಿಫೋರ್ನಿಯಾ ಎನ್ನುತ್ತಾರೆ. ಅಲ್ಲಿ ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಬೇಕು ಎಂಬುದಕ್ಕೆ 2004ರಿಂದ ಕಾನೂನಿನ ಮಿತಿ ಜಾರಿಯಲ್ಲಿದೆ ಎಂಬುದು ನಿಜ. ತೀವ್ರ ನಿಗಾ ಘಟಕದಲ್ಲಿ ಇಬ್ಬರು, ಸಾಮಾನ್ಯ ವಾರ್ಡಿನಲ್ಲಿ ಐವರು. ಆದರೆ ಪಾಠ ಮತ್ತು ಅದರ ವಾರ್ಡು ತರಬೇತಿ ಒಂದೇ ಅವಧಿಯಲ್ಲಿ ನಡೆದಿರಬೇಕು ಎಂದು ಹಟ ಹಿಡಿಯುವ ಮಂಡಳಿಯೂ ಅದೇ. ಬ್ರಿಟನ್ನಿನಲ್ಲಿ ಕಲಿತವರ ಕಡತ ಅಲ್ಲಿ ಮುಗ್ಗರಿಸಿದಷ್ಟು ಬೇರೆಲ್ಲೂ ಮುಗ್ಗರಿಸುವುದಿಲ್ಲ. ಮೊದಲ ಅರ್ಜಿ ಅಲ್ಲಿಗೆ ಬೇಡ. ಇನ್ನೊಂದು ರಾಜ್ಯದಲ್ಲಿ ಪಾಸಾದ ಮೇಲೂ ಕ್ಯಾಲಿಫೋರ್ನಿಯಾ ನಿಮ್ಮ ತರಬೇತಿಯನ್ನು ಮೊದಲಿನಿಂದ ತೂಗಿ ನೋಡುತ್ತದೆ, ಅದೂ ಗೊತ್ತಿರಲಿ. ನಲವತ್ತಕ್ಕೂ ಹೆಚ್ಚು ರಾಜ್ಯಗಳು ಪರಸ್ಪರರ ಪರವಾನಗಿ ಒಪ್ಪುವ ಒಡಂಬಡಿಕೆ ಮಾಡಿಕೊಂಡಿವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಅದರಲ್ಲಿಲ್ಲ.

ಹಂತ 3: ಇಂಗ್ಲಿಷ್ ಪರೀಕ್ಷೆ

ಬ್ರಿಟನ್ನಿನಲ್ಲಿ ನರ್ಸಿಂಗ್ ಓದಿದವರಿಗೆ ವಿನಾಯಿತಿ. ಭಾರತದಲ್ಲಿ ಓದಿದವರಿಗೆ ಇಲ್ಲ. ಬರ್ಮಿಂಗ್‌ಹ್ಯಾಮ್‌ನ ಅಜ್ಜಿಯರ ಗೊಣಗಾಟವನ್ನು ಒಂಬತ್ತು ವರ್ಷ ಅರ್ಥ ಮಾಡಿಕೊಂಡ ನಾನು ಮತ್ತೆ ಐಇಎಲ್‌ಟಿಎಸ್ ಬರೆದೆ. ಒಟ್ಟು 6.5, ಮಾತನಾಡುವುದರಲ್ಲಿ 7 ಬೇಕು. ಅಂಕಕ್ಕೆ ಎರಡೇ ವರ್ಷ ಆಯುಸ್ಸು, ಹಾಗಾಗಿ ಅವಸರದಿಂದ ಬರೆದಿಟ್ಟುಕೊಳ್ಳಬೇಡಿ.

ಹಂತ 4: ಎನ್‌ಕ್ಲೆಕ್ಸ್

ಲಂಡನ್ನಿನಲ್ಲಿಯೇ ಕೇಂದ್ರವಿದೆ. ಶುಲ್ಕ 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಮೇಲೆ 150. ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ. ನಿಮ್ಮ ಉತ್ತರ ನೋಡಿ ಮುಂದಿನ ಪ್ರಶ್ನೆಯ ಕಷ್ಟವನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಪ್ರಶ್ನೆ ಕಠಿಣವಾಗುತ್ತಾ ಹೋದರೆ ಹೆದರಬೇಡಿ, ಅದು ಒಳ್ಳೆಯ ಲಕ್ಷಣ. ಫೇಲಾದರೆ 45 ದಿನ ಕಾಯಬೇಕು.

ಬ್ರಿಟನ್ನಿನ ನರ್ಸ್‌ಗಳಿಗೆ ಕೈಕೊಡುವುದು ಅಳತೆ. ಅಲ್ಲಿ ರಕ್ತದ ಸಕ್ಕರೆ 5.5 ಎಂದರೆ ನೆಮ್ಮದಿ. ಇಲ್ಲಿ ಅದು 99. ಬ್ರಿಟನ್ನಿನ ಅಂಕಿಯನ್ನು 18ರಿಂದ ಗುಣಿಸಿದರೆ ಅಮೆರಿಕದ ಅಂಕಿ. ಹಿಮೋಗ್ಲೋಬಿನ್ 120 ಎನ್ನುತ್ತಿದ್ದುದು 12 ಆಗುತ್ತದೆ, ಕ್ರಿಯಾಟಿನಿನ್ 88 ಇದ್ದುದು 1 ಆಗುತ್ತದೆ, ಜ್ವರ ಫ್ಯಾರನ್‌ಹೀಟ್‌ಗೆ ಮರಳುತ್ತದೆ. ನಮ್ಮೂರಿನಲ್ಲಿ ಕಲಿತವರಿಗೆ ಇವು ಹಳೆಯ ನೆಂಟರು. ಔಷಧದ ಹೆಸರು ಬೇರೆ: ಪ್ಯಾರಸಿಟಮಾಲ್ ಅಸಿಟಮಿನೊಫೆನ್ ಆಗುತ್ತದೆ, ಸಾಲ್ಬುಟಮಾಲ್ ಆಲ್ಬ್ಯುಟೆರಾಲ್, ಅಡ್ರಿನಲಿನ್ ಎಪಿನೆಫ್ರಿನ್, ಪೆಥಿಡಿನ್ ಮೆಪೆರಿಡಿನ್. ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ, ಚಹಾ ಕುದಿಯುವಷ್ಟರಲ್ಲಿ ದಿನಕ್ಕೆರಡು ಸಲ ಓದಿ.

ಇನ್ನೊಂದು, ಯಾರನ್ನು ಮೊದಲು ನೋಡುವಿರಿ ಎಂಬ ಪ್ರಶ್ನೆ. ಒಂದು ಹಾಸಿಗೆಯಲ್ಲಿ ಕಾಲಿನ ಶಸ್ತ್ರಚಿಕಿತ್ಸೆಯ ನೋವಿಗೆ ಕೂಗುತ್ತಿರುವವನು. ಇನ್ನೊಂದರಲ್ಲಿ ಥೈರಾಯ್ಡ್ ತೆಗೆಸಿಕೊಂಡು ‘ತುಟಿಯ ಸುತ್ತ ಜೋಮು ಹಿಡಿದಂತಿದೆ’ ಎಂದು ಮೆಲ್ಲಗೆ ಹೇಳುವವಳು. ವಾರ್ಡಿನ ಅಭ್ಯಾಸ ಕೂಗಿದವನ ಕಡೆ ಎಳೆಯುತ್ತದೆ. ಸರಿ ಉತ್ತರ ಜೋಮಿನವಳು, ಏಕೆಂದರೆ ಕ್ಯಾಲ್ಸಿಯಂ ಕುಸಿಯುತ್ತಿದ್ದರೆ ಮುಂದೆ ಬಿಗಿಯುವುದು ಗಂಟಲು. ಇಂಥ ಪ್ರಶ್ನೆಗೆ ಉತ್ತರದ ಜೊತೆ ಕಾರಣವನ್ನೂ ವಿವರಿಸುವ ಒಂದು ಪ್ರಶ್ನಾಸಂಗ್ರಹ ಸಾಕು. ಅದನ್ನೇ ಎರಡು ಸಲ ಮಾಡಿ. ಟೆಲಿಗ್ರಾಂನಲ್ಲಿ ಮಾರುವ ‘ಈ ತಿಂಗಳ ನಿಜವಾದ ಪ್ರಶ್ನೆ’ಗಳಲ್ಲಿ ಅರ್ಧದ ಉತ್ತರವೇ ತಪ್ಪು. ಎಂಟುನೂರು ಪುಟದ ದಪ್ಪ ಪುಸ್ತಕ ಬಾಗಿಲಿಗೆ ಒತ್ತು ಕೊಡಲು ಚೆನ್ನ.

ಹಂತ 5: ಕರಾರು

ಆಸ್ಪತ್ರೆ ನೇರವಾಗಿ ಕರೆಯುವುದಾದರೆ ಅದನ್ನೇ ಹಿಡಿಯಿರಿ. ಏಜೆನ್ಸಿಯಾದರೆ ಎರಡು-ಮೂರು ವರ್ಷದ ಕರಾರು, ನಡುವೆ ಬಿಟ್ಟರೆ ದಂಡ. ಆ ಪುಟವನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿ. ಲೆಕ್ಕ ವರ್ಷದಲ್ಲಿದೆಯೋ ಗಂಟೆಯಲ್ಲಿದೆಯೋ? ಆರಂಭದ ತರಬೇತಿ ವಾರಗಳು ಸೇರುತ್ತವೆಯೋ? ಊರು ಬದಲಿಸುವ ಹಕ್ಕು ಯಾರದು? 2019ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು ಫಿಲಿಪ್ಪೀನ್ಸ್ ನರ್ಸ್‌ಗಳ ಮೇಲೆ ಉದ್ಯೋಗದಾತರು ಹೇರಿದ್ದ 25,000 ಡಾಲರ್ ದಂಡದ ಷರತ್ತು ಬಲವಂತದ ದುಡಿಮೆ ತಡೆಯುವ ಕಾನೂನಿಗೆ ವಿರುದ್ಧ ಎಂದು ತೀರ್ಪಿತ್ತಿತು. ಆ ತೀರ್ಪು ಇದೆ ಎಂದು ಧೈರ್ಯ ಮಾಡಿ ಸಹಿ ಹಾಕಬೇಡಿ. ಅಂಥ ಷರತ್ತಿನ ಕಾಗದವನ್ನು ಹಿಂದಿರುಗಿಸಿ. ಕೆಲಸ ಕೊಡಿಸಲು ಮುಂಗಡ ಕೇಳಿದರೆ ಫೋನ್ ಇಡಿ.

ಹಂತ 6: ಹುಟ್ಟಿದ ಊರು

ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೆ ಅಮೆರಿಕದ ಬಾಗಿಲು ತೆರೆದೇ ಇರುತ್ತದೆ ಎಂದು ನಂಬಿದವರು ಬಹಳ. ಕೆನಡಾ, ಮೆಕ್ಸಿಕೊದವರಿಗಿರುವ ಟಿಎನ್ ಎಂಬ ಕೆಲಸದ ವೀಸಾ ಬ್ರಿಟನ್ನಿನವರಿಗಿಲ್ಲ. ಸಾಮಾನ್ಯ ವಾರ್ಡಿನ ನರ್ಸ್‌ಗೆ ಎಚ್-1ಬಿ ಸಿಗುವುದು ಅಪರೂಪ, ಪದವಿ ಕಡ್ಡಾಯವಲ್ಲದ ಹುದ್ದೆ ಎಂಬ ಕಾರಣಕ್ಕೆ. ಉಳಿದದ್ದು ಕಾಯಂ ವಾಸದ ಗ್ರೀನ್ ಕಾರ್ಡಿನಲ್ಲಿ ಇಬಿ-3 ಎಂಬ ಉದ್ಯೋಗದ ವರ್ಗ. ನರ್ಸ್‌ಗಳ ಕೊರತೆ ಇದೆ ಎಂದು ಅಲ್ಲಿನ ಕಾರ್ಮಿಕ ಇಲಾಖೆ ಮೊದಲೇ ಒಪ್ಪಿರುವುದರಿಂದ ಉದ್ಯೋಗದಾತರು ಸ್ಥಳೀಯರನ್ನು ಹುಡುಕಿ ತೋರಿಸಬೇಕಿಲ್ಲ, ನಿಮ್ಮ ಪರವಾಗಿ ನೇರವಾಗಿ ಐ-140 ಎಂಬ ವಲಸೆ ಅರ್ಜಿ ಹಾಕುತ್ತಾರೆ. ಹಾಕಿದ ದಿನವೇ ಸರದಿಯಲ್ಲಿ ನಿಮ್ಮ ಜಾಗ.

ಆದರೆ ಯಾವ ಸರದಿ? ಅದು ಪೌರತ್ವದಿಂದಲ್ಲ, ಹುಟ್ಟಿದ ದೇಶದಿಂದ ತೀರ್ಮಾನವಾಗುತ್ತದೆ. ಲೀಡ್ಸ್‌ನಲ್ಲಿ ಹುಟ್ಟಿದವಳು ಒಂದು ಸಾಲಿನಲ್ಲಿ ನಿಂತರೆ, ಅವಳ ಪಕ್ಕದಲ್ಲೇ ಕೆಲಸ ಮಾಡುವ, ಅದೇ ಪಾಸ್‌ಪೋರ್ಟ್ ಹಿಡಿದ ಕುಂದಾಪುರದವಳು ಭಾರತದ ಸಾಲಿನಲ್ಲಿ ನಿಲ್ಲುತ್ತಾಳೆ. ವರ್ಷದ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಆ ಸಾಲು ಹತ್ತು ವರ್ಷಕ್ಕೂ ಉದ್ದ. ಲೀಡ್ಸ್‌ನವಳ ಸಾಲೂ ಸದಾ ತೆರೆದಿರುವುದಿಲ್ಲ. ಪ್ರತಿ ತಿಂಗಳು ಅಮೆರಿಕದ ವಿದೇಶಾಂಗ ಇಲಾಖೆ ಪ್ರಕಟಿಸುವ ವೀಸಾ ಬುಲೆಟಿನ್‌ನಲ್ಲಿ ದಿನಾಂಕ ಕೆಲವೊಮ್ಮೆ ಹಿಂದಕ್ಕೂ ಜಾರುತ್ತದೆ.

ನಾನು ದಾಟಿದ್ದು ಒಂದು ಸಣ್ಣ ಕಿಂಡಿಯಲ್ಲಿ. ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದು, ಇಬ್ಬರೂ ಒಟ್ಟಿಗೆ ವಲಸೆ ಹೋಗುವುದಾದರೆ ಆ ದೇಶದ ಸರದಿ ಬಳಸಬಹುದು. ನನ್ನ ಯಜಮಾನರು ಹುಟ್ಟಿದ್ದು ಕುವೈತ್‌ನಲ್ಲಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ಗಲ್ಫ್‌ನಲ್ಲಿ ಹುಟ್ಟಿದ ಅಳಿಯಂದಿರಿದ್ದಾರೆ, ಅವರ ಜನನ ಪತ್ರಕ್ಕೆ ಇಂಥ ಬೆಲೆ ಇದೆ ಎಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಮಕ್ಕಳು ಹುಟ್ಟಿದ ದೇಶ ತಾಯ್ತಂದೆಯರಿಗೆ ಈ ಲಾಭ ತರುವುದಿಲ್ಲ. ಅರ್ಜಿ ಹಾಕುವಾಗಲೇ ವಕೀಲರಿಗೆ ಈ ವಿಷಯ ಹೇಳಿ, ಅವರಾಗಿ ಕೇಳುವುದಿಲ್ಲ.

ಸರದಿ ಉದ್ದವಿದ್ದರೆ, ವೀಸಾಕ್ಕೆ ಬೇಕಾದ, ಸಿಜಿಎಫ್‌ಎನ್‌ಎಸ್ ಕೊಡುವ ವೀಸಾಸ್ಕ್ರೀನ್ ಪ್ರಮಾಣಪತ್ರವನ್ನು ತಡವಾಗಿ ಮಾಡಿಸಿ, ಅದರ ಅವಧಿ ಐದೇ ವರ್ಷ. ಮಕ್ಕಳಿಗೆ 21 ತುಂಬುವ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ದಾಟಿದರೆ ನಿಮ್ಮ ಅರ್ಜಿಯಲ್ಲಿ ಅವರ ಜಾಗ ತಪ್ಪಬಹುದು.

ಹಂತ 7: ಸಂದರ್ಶನ

ಬ್ರಿಟನ್ನಿನ ಪೊಲೀಸ್ ಪ್ರಮಾಣಪತ್ರ, ಭಾರತದಲ್ಲಿದ್ದವರಿಗೆ ಅಲ್ಲಿಯದು, ವೈದ್ಯಕೀಯ ತಪಾಸಣೆ, ಕೊನೆಗೆ ಲಂಡನ್ನಿನ ನೈನ್ ಎಲ್ಮ್ಸ್‌ನಲ್ಲಿರುವ ರಾಯಭಾರ ಕಚೇರಿ. ಹೊತ್ತಿಗೆ ಮುಂಚೆ ಹೋಗಿ. ಇಷ್ಟೇ.

ಹೊರಡುವ ಮುನ್ನ

ಎನ್‌ಎಂಸಿ ನೋಂದಣಿಯನ್ನು ಸಾಯಲು ಬಿಡಬೇಡಿ. ವರ್ಷದ ಶುಲ್ಕ ಕೊಟ್ಟು ಉಳಿಸಿಕೊಳ್ಳುವುದು ಮತ್ತೆ ಮೊದಲಿನಿಂದ ಪಡೆಯುವುದಕ್ಕಿಂತ ಎಷ್ಟೋ ಅಗ್ಗ. ಬ್ರಿಟನ್ನಿನ ಸರಕಾರಿ ಪಿಂಚಣಿಗೆ ಸಾಮಾನ್ಯವಾಗಿ ಹತ್ತು ವರ್ಷದ ಕಂತು ಬೇಕು. ಒಂಬತ್ತಕ್ಕೆ ಹೊರಟ ನಾನು ಆಗಿನ ನಿಯಮದಂತೆ ಇನ್ನೊಂದು ವರ್ಷದ್ದನ್ನು ಕೈಯಿಂದ ಕಟ್ಟಿದೆ. ಆ ಪಿಂಚಣಿ ಅಮೆರಿಕದಲ್ಲಿ ನೆಲೆಸಿದವರಿಗೆ ವರ್ಷವರ್ಷವೂ ಏರುತ್ತದೆ, ಭಾರತಕ್ಕೆ ಮರಳಿದವರಿಗೆ ಇದ್ದಲ್ಲೇ ನಿಂತುಬಿಡುತ್ತದೆ.

ಸ್ಟೆತಸ್ಕೋಪ್ ಒಂದು ಒಳ್ಳೆಯದನ್ನು ಕೊಳ್ಳಿ. ಬರ್ಮಿಂಗ್‌ಹ್ಯಾಮ್‌ನ ನಮ್ಮ ವಾರ್ಡಿನಲ್ಲಿ ಎದೆಗೆ ಕಿವಿಗೊಡುವುದು ವೈದ್ಯರ ಕೆಲಸವಾಗಿತ್ತು. ಇಲ್ಲಿ ಪ್ರತಿ ಪಾಳಿಯ ಆರಂಭದಲ್ಲಿ ತಲೆಯಿಂದ ಪಾದದವರೆಗೆ ನೋಡಿ, ಶ್ವಾಸಕೋಶ, ಹೃದಯ, ಹೊಟ್ಟೆಯ ಸದ್ದು ಕೇಳಿ ಬರೆಯಬೇಕಾದವರು ನಾವು. ನಾನು ಆನ್‌ಲೈನ್‌ನಲ್ಲಿ ತರಿಸಿದ ಹನ್ನೆರಡು ಡಾಲರಿನದರಲ್ಲಿ ಮೊದಲ ದಿನ ಕೇಳಿಸಿದ್ದು ನನ್ನದೇ ಬಳೆಯ ಸದ್ದು.