2009ರ ಸ್ವಿಫ್ಟ್, ಇರುಂಗಾಟ್ಟುಕೋಟೈಯಲ್ಲಿ 35 ಸುತ್ತು: ನನ್ನ ಅನುಭವ

2025ರ ಜನವರಿಯಲ್ಲಿ ನಮ್ಮ ಕ್ಲಬ್ಬಿನ 14 ಕಾರುಗಳು ಬೆಂಗಳೂರಿನಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೋದವು. ರೇಸಿಗಲ್ಲ, ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸುವ ಟ್ರ್ಯಾಕ್ ಡೇಗೆ. ದಿನವಿಡೀ ಟ್ರ್ಯಾಕಿನಲ್ಲಿ ಓಡಿದವು. 14ಕ್ಕೆ 14 ಸ್ವಂತ ಚಕ್ರದ ಮೇಲೇ ಮನೆ ಸೇರಿದವು. ಟೋಯಿಂಗ್ ಗಾಡಿಗೆ ಒಂದು ಫೋನೂ ಹೋಗಲಿಲ್ಲ. ನನ್ನದು 2009ರ ಪೆಟ್ರೋಲ್ ಸ್ವಿಫ್ಟ್, ಅದೇ ಹಳೇ 1.3 ಎಂಜಿನ್ನು. ಹಿಂದಿನ ವರ್ಷ ತಾನೇ ಎಫ್‌ಸಿ ಮಾಡಿಸಿ ಆರ್‌ಸಿ ಮುಂದುವರಿಸಿಕೊಂಡ ಕಾರು. ಒಟ್ಟು 35 ಸುತ್ತು ಓಡಿದೆ. ಒಂದು ಸುತ್ತಿಗೆ 3.7 ಕಿಲೋಮೀಟರ್ ಹಿಡಿದರೆ ಸುಮಾರು 130 ಕಿಲೋಮೀಟರ್ ಆಯಿತು. ಸೋಮವಾರ ಬೆಳಿಗ್ಗೆ ಅದೇ ಕಾರಿನಲ್ಲಿ ಮಗಳನ್ನು ಸ್ಕೂಲಿಗೆ ಬಿಟ್ಟು ಬಂದೆ.

ಒಂದೂವರೆ ವರ್ಷದಿಂದ ಕ್ಲಬ್ಬಿನಲ್ಲಿ ಮೂರೇ ಮಾತು ಹೇಳುತ್ತಾ ಬಂದಿದ್ದೆ. ಎಂಜಿನ್ ಮುಟ್ಟಬೇಡಿ. ದುಡ್ಡೆಲ್ಲ ಬ್ರೇಕಿಗೆ ಹಾಕಿ. ಸೆಷನ್, ಅಂದರೆ ಒಂದು ಸಲಕ್ಕೆ ಟ್ರ್ಯಾಕಿನಲ್ಲಿ ಓಡುವ ಹೊತ್ತು, ಚಿಕ್ಕದು ಮಾಡಿ. ಯಾರೂ ಒಪ್ಪಿರಲಿಲ್ಲ. ಈಗ ಎಲ್ಲರೂ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಮೊದಲು ಕೈ ಸುಟ್ಟುಕೊಂಡ ಕಥೆ. 2022ರಲ್ಲಿ ಮೊದಲ ಸಲ ಹೋದಾಗ ಕಾರಿಗೆ ಏನೂ ಮಾಡಿರಲಿಲ್ಲ. ಸರ್ವಿಸ್ ಮಾಡಿಸಿದ್ದೆ, ಅಷ್ಟೇ. ಬ್ರೇಕ್ ಆಯಿಲ್ ಬದಲಾಯಿಸಿ ಮೂರು ವರ್ಷವೋ ಏನೋ ಆಗಿತ್ತು. ಐದನೇ ಸುತ್ತಿನಲ್ಲಿ ಉದ್ದನೆಯ ನೇರ ದಾರಿಯ ಕೊನೆಗೆ ಮೀಟರಿನಲ್ಲಿ 140ರ ಹತ್ತಿರ ಇದ್ದೆ. ಬ್ರೇಕ್ ಒತ್ತಿದರೆ ಪೆಡಲು ಸೀದಾ ನೆಲಕ್ಕೆ ಹೋಯಿತು. ಹತ್ತಿ ಒತ್ತಿದ ಹಾಗೆ, ಕಾಲಿನ ಕೆಳಗೆ ಏನೂ ಇಲ್ಲ. ಎರಡು ಸಲ ಪಂಪ್ ಮಾಡಿದೆ, ಸ್ವಲ್ಪ ಹಿಡಿಯಿತು. ಅಷ್ಟರಲ್ಲಿ ಟಾರು ಮುಗಿದು ಮಣ್ಣಿಗೆ ಇಳಿದಾಗಿತ್ತು. ದೇವರ ದಯೆ, ಕಾರಿಗೂ ನನಗೂ ಏನೂ ಆಗಲಿಲ್ಲ. ಆ ದಿನ ನನ್ನ ಟ್ರ್ಯಾಕ್ ಡೇ ಐದು ಸುತ್ತಿಗೆ ಮುಗಿಯಿತು. ಪಾಲಿಗೆ ಬಂದ ಶುಲ್ಕ ಆಗ 8 ಸಾವಿರದ ಆಸುಪಾಸು. ಸುತ್ತಿಗೆ 1,600 ರೂಪಾಯಿ ಬಿತ್ತು!

2023ರಲ್ಲಿ ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಬ್ರೇಕ್ ಆಯಿಲ್ ಬದಲಾಯಿಸಿದರೆ ಸಾಕು ಅಂದುಕೊಂಡು ಉಳಿದ ದುಡ್ಡನ್ನೆಲ್ಲ ಎಂಜಿನ್ನಿಗೆ ಸುರಿದೆ. ಎಕ್ಸಾಸ್ಟು, ಹೆಡರು, ಏರ್ ಫಿಲ್ಟರು, ಇಸಿಯು (ಎಂಜಿನ್ನಿನ ಕಂಪ್ಯೂಟರು) ಟ್ಯೂನಿಂಗು, ಎಲ್ಲ ಸೇರಿ 55 ಸಾವಿರ ದಾಟಿತು. 10 ಬಿಎಚ್‌ಪಿ (ಅಶ್ವಶಕ್ತಿ) ಜಾಸ್ತಿ ಬರುತ್ತದೆ ಅಂತ ಗ್ಯಾರೇಜಿನವರು ಹೇಳಿದ್ದರು. ಬಂತೋ ಇಲ್ಲವೋ, ಸದ್ದಂತೂ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ನೇರ ದಾರಿಯಲ್ಲಿ ಹೆಚ್ಚು ವೇಗ ಬಂದಷ್ಟೂ ಬ್ರೇಕಿನ ಮೇಲೆ ಹೊರೆ ಹೆಚ್ಚಿತು. ಮಧ್ಯಾಹ್ನದ ಹೊತ್ತಿಗೆ ಬ್ರೇಕ್ ಪ್ಯಾಡ್ ಸುಟ್ಟ ವಾಸನೆ, ಬಿಸಿಗೆ ಡಿಸ್ಕ್ ನೀಲಿ. ಆ ಸಲ ನನ್ನ ಒಳ್ಳೆಯ ಸುತ್ತು 2 ನಿಮಿಷ 26 ಸೆಕೆಂಡು. ಏನೂ ಮಾಡದೆ ಹೋದ 2022ರಲ್ಲಿ 2 ನಿಮಿಷ 27! 55 ಸಾವಿರಕ್ಕೆ ಒಂದು ಸೆಕೆಂಡು. ವಾಪಸ್ ಬಂದ ತಿಂಗಳಲ್ಲೇ ಎಲ್ಲ ಬಿಚ್ಚಿ ಸ್ಟಾಕಿಗೆ, ಅಂದರೆ ಕಂಪನಿಯಿಂದ ಬಂದ ಹಾಗೆ, ತಂದೆ. ಆ ಸಾಮಾನು ಮಾರಿದಾಗ ಕೈಗೆ ಬಂದದ್ದು 14 ಸಾವಿರ.

ಆಮೇಲೆ ಬ್ರೇಕಿಗೆ ಕೂತೆ. ಮುಂದಿನ ಪ್ಯಾಡು ಒಂದು ಸೆಟ್ಟಿಗೆ ಆರೂವರೆ ಸಾವಿರ, ಹೆಚ್ಚು ಬಿಸಿ ತಡೆಯುವ ಮಾದರಿ. ಡಿಸ್ಕ್ ಕಂಪನಿಯದೇ, ಹೊಸದು. ಹಿಂದಿನ ಡ್ರಮ್ಮಿಗೆ ಹೊಸ ಶೂ. ಬ್ರೇಕ್ ಆಯಿಲ್ ಡಾಟ್ 5.1. ಡಾಟ್ ಅಂದರೆ ಬ್ರೇಕ್ ಆಯಿಲಿನ ದರ್ಜೆ. ಡಾಟ್ 3 ಹೊಸದಿದ್ದಾಗಲೇ 205 ಡಿಗ್ರಿಗೆ ಕುದಿಯಬಹುದು, ನೀರು ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಕುದಿದರೆ ಗುಳ್ಳೆ ಎದ್ದು ಪೆಡಲು ನೆಲಕ್ಕೆ ಹೋಗುತ್ತದೆ, 2022ರಲ್ಲಿ ಆದ ಹಾಗೆ. ಡಾಟ್ 5.1 ಹೊಸದಿದ್ದರೆ 260ರವರೆಗೆ ತಡೆಯಲೇಬೇಕು. ಡಾಟ್ 5 ಅಂತ ಬೇರೆ ಇದೆ, ಅದು ಸಿಲಿಕೋನಿನದು. ಅಪ್ಪಿತಪ್ಪಿಯೂ ಅದನ್ನು ತರಬೇಡಿ.

ಬ್ಲೀಡಿಂಗ್, ಅಂದರೆ ಬ್ರೇಕಿನ ಹಳೇ ಆಯಿಲು, ಗುಳ್ಳೆ ಹೊರಗೆ ತೆಗೆಯುವ ಕೆಲಸ ಮಾತ್ರ ನಾನೇ ಮಾಡುತ್ತೇನೆ, ಯಾರ ಕೈಗೂ ಕೊಡುವುದಿಲ್ಲ. ಗೆಳೆಯ ಪೆಡಲು ಒತ್ತಿ ಹಿಡಿಯುತ್ತಾನೆ. ನಾನು ಚಕ್ರದ ಪಕ್ಕ ಚಾಪೆ ಹಾಸಿ ಮಲಗುತ್ತೇನೆ. ಆಯಿಲು ಹೊರಬರುವ ನಿಪ್ಪಲಿಗೆ ಪಾರದರ್ಶಕ ಪೈಪು, ಪೈಪಿನ ತುದಿ ಖಾಲಿ ನೀರಿನ ಬಾಟಲಿಯೊಳಗೆ. ಮೊದಲು ಬರುವುದು ಕಡು ಡಿಕಾಕ್ಷನ್ ಬಣ್ಣದ್ದು, ಜತೆಗೆ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಗುಳ್ಳೆ. ಒಂದು ಚಕ್ರಕ್ಕೆ 20-25 ಸಲ ಒತ್ತಬೇಕು. ಬಣ್ಣ ತಿಳಿಯಾಗುತ್ತಾ ಬಂದು ತೆಳು ಜೇನಿನ ಬಣ್ಣಕ್ಕೆ ನಿಲ್ಲುತ್ತದೆ. ಗುಳ್ಳೆ ನಿಂತ ಮೇಲೂ ನಾನು ಐದಾರು ಸಲ ಒತ್ತಿಸುತ್ತೇನೆ. ಟ್ರ್ಯಾಕಿಗೆ ಹೋಗುವ ಹಿಂದಿನ ವಾರವೇ ಇದು ಆಗಬೇಕು. ಒಂದು ಲೀಟರ್ ಆಯಿಲು ನನಗೆ ಆಗ ಸಾವಿರ ರೂಪಾಯಿ ಒಳಗೇ ಬಂತು. 55 ಸಾವಿರ ಕೊಡದ್ದನ್ನು ಈ ಒಂದು ಲೀಟರ್ ಕೊಟ್ಟಿತು.

ಬ್ರೇಕ್ ತಣ್ಣಗಿಡಲು ಹೊರಗಿನ ಗಾಳಿ ಬಿಡುವ ಪೈಪಿನದು ಬೇರೆಯೇ ಕಥೆ. ನನ್ನ ಕಾರಿನಲ್ಲಿ ಫಾಗ್ ಲ್ಯಾಂಪ್ ಇಲ್ಲ, ಆ ಜಾಗಕ್ಕೆ ಪ್ಲಾಸ್ಟಿಕ್ ಮುಚ್ಚಳ ಇದೆ. ಮುಚ್ಚಳ ತೆಗೆದರೆ ಗಾಳಿಗೆ ದಾರಿ ಸಿಕ್ಕ ಹಾಗೆ, ಅಲ್ವಾ? ಮೊದಲು ವಾಷಿಂಗ್ ಮಷೀನಿನ ನೀರು ಹೋಗುವ ಪೈಪು ಹಾಕಿದೆ. ತುದಿ ಕರಗಿ ಡಿಸ್ಕಿನ ಹತ್ತಿರ ಜೋತುಬಿತ್ತು. ಆಮೇಲೆ ಅಡುಗೆಮನೆ ಚಿಮಣಿಯ ಅಲ್ಯೂಮಿನಿಯಂ ಪೈಪು. ಅದು ಬಿಸಿ ತಡೆಯಿತು, ಆದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ತಾಗಿ ಅಪ್ಪಚ್ಚಿಯಾಗಿಹೋಯಿತು. ಮೂರನೆಯದು ಸಿಲಿಕೋನ್ ಲೇಪದ ಬಟ್ಟೆ ಪೈಪು, ಮೀಟರಿಗೆ 700 ರೂಪಾಯಿ ಕೊಟ್ಟ ನೆನಪು. ಅದು ನಿಂತಿತು. ಗಾಳಿ ಡಿಸ್ಕಿನ ಮುಖಕ್ಕೆ ಹೊಡೆಯಬಾರದು, ನಡುವಿಗೆ ಹೋಗಬೇಕು. ಆಗ ಒಳಗಿನ ಸಂದುಗಳ ಮೂಲಕ ತಾನೇ ಹೊರಗೆ ಎಳೆದುಕೊಳ್ಳುತ್ತದೆ. ಪೈಪನ್ನು ಅಲ್ಲಿಗೆ ಹಿಡಿದು ನಿಲ್ಲಿಸುವ ಬ್ರಾಕೆಟ್ ಮಾಡಲು ನನಗೆ ನಾಲ್ಕು ಭಾನುವಾರ ಬೇಕಾಯಿತು. ಅದರ ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇದನ್ನೆಲ್ಲ ಒರೆಗೆ ಹಚ್ಚಿದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ, 2024ರಲ್ಲಿ. ಬೇರೆ ಗುಂಪಿನವರ ಟ್ರ್ಯಾಕ್ ಡೇಗೆ ಒಬ್ಬನೇ ಸೇರಿಕೊಂಡೆ. ಆ ಟ್ರ್ಯಾಕು 2.1 ಕಿಲೋಮೀಟರ್, ತಿರುವುಗಳು ಹತ್ತಿರ ಹತ್ತಿರ. ವೇಗ ಕಮ್ಮಿಯಾದರೂ ಬ್ರೇಕಿಗೆ ಉಸಿರಾಡಲು ಬಿಡುವೇ ಸಿಗುವುದಿಲ್ಲ. ಪರೀಕ್ಷೆಗೆ ಇಂಥದ್ದೇ ಬೇಕು. ಮಾರುತಿ 800ರ ಎಂಜಿನ್ನು ಇಟ್ಟು ಫಾರ್ಮುಲಾ ಮಾರುತಿ ರೇಸ್ ಕಾರುಗಳನ್ನು ಕಟ್ಟಿದ ಕರಿವರ್ಧನ್ ಹೆಸರಿನ ಟ್ರ್ಯಾಕು ಅದು. ದಿನಬಳಕೆಯ ಎಂಜಿನ್ನಿನಲ್ಲಿ ಒಂದು ತಲೆಮಾರಿಗೆ ರೇಸಿಂಗ್ ಕಲಿಸಿದ ಮನುಷ್ಯ. ಗೇಟಿನೊಳಗೆ ಹೋಗುವಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು.

ಅಲ್ಲಿ ಒಂದು ಚಕ್ರಕ್ಕೆ ಮಾತ್ರ ಪೈಪು ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು ಓಡಿಸಿದೆ. ಎಲ್ಲರೂ ಬೈದರು, ಕಾರು ಒಂದು ಕಡೆಗೆ ಎಳೆಯುತ್ತದೆ ಅಂದರು. ಎಳೆಯಲಿಲ್ಲ. ಪಿಟ್ಟಿಗೆ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗ) ಬಂದ ಕೂಡಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದೆ. ಪೈಪು ಇಲ್ಲದ ಕಡೆ 380 ಡಿಗ್ರಿ ಹತ್ತಿರ, ಪೈಪು ಇದ್ದ ಕಡೆ 300ರ ಸುತ್ತಮುತ್ತ. ಹೊಳೆಯುವ ಲೋಹಕ್ಕೆ ಆ ಗನ್ ಸರಿಯಾದ ಲೆಕ್ಕ ಕೊಡುವುದಿಲ್ಲ, ಗೊತ್ತು. ಆದರೆ ಎರಡೂ ಕಡೆ ಒಂದೇ ತಪ್ಪು ತಾನೇ? ನನಗೆ ಬೇಕಿದ್ದದ್ದು ವ್ಯತ್ಯಾಸ.

ಅದೇ ಹುಮ್ಮಸ್ಸಿನಲ್ಲಿ ತೂಕ ಇಳಿಸಿಯೂ ನೋಡಿದೆ. ಹಿಂದಿನ ಸೀಟು, ಸ್ಟೆಪ್ನಿ, ಜಾಕು ತೆಗೆದು ಲಾರಿ ತೂಗುವ ವೇಬ್ರಿಡ್ಜಿಗೆ ಒಯ್ದೆ. 40 ಕಿಲೋ ಕಮ್ಮಿಯಾಗಿತ್ತು. ಗಡಿಯಾರದಲ್ಲಿ ಅರ್ಧ ಸೆಕೆಂಡು ಸಿಕ್ಕಿತೋ ಇಲ್ಲವೋ. ಸೀಟು ವಾಪಸ್ ಕೂರಿಸುವಾಗ ಕ್ಲಿಪ್ಪು ಮುರಿಯಿತು. ಟ್ರ್ಯಾಕಿನಲ್ಲೇ ಸ್ಟೆಪ್ನಿ ಇಳಿಸಿಡಿ, ಅಷ್ಟು ಸಾಕು.

ಟೈರಿನ ಗಾಳಿ ಪುಕ್ಕಟೆ ಸಿಗುವ ವೇಗ. ರಸ್ತೆಯಲ್ಲಿ ನಾನು 32 ಪಿಎಸ್‌ಐ ಹಾಕುತ್ತೇನೆ. ಅದನ್ನೇ ಟ್ರ್ಯಾಕಿಗೆ ಒಯ್ದರೆ ನಾಲ್ಕು ಸುತ್ತಿಗೆ 38 ಆಗಿರುತ್ತದೆ. ಟೈರು ಚೆಂಡಿನ ಹಾಗೆ ಉಬ್ಬಿ ಜಾರುತ್ತದೆ. ಟೈರಿನ ಭುಜಕ್ಕೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಓಡಿಸಿ ಬಂದು ನೋಡಿ. ಗೆರೆ ಪೂರ್ತಿ ಅಳಿಸಿ ಪಕ್ಕದ ಅಕ್ಷರದವರೆಗೆ ಸವೆದಿದ್ದರೆ ಗಾಳಿ ಕಮ್ಮಿ. ಗೆರೆ ಮುಟ್ಟದೇ ಉಳಿದಿದ್ದರೆ ಜಾಸ್ತಿ. ನಾನು ಬಿಸಿಯಲ್ಲಿ ಅಳೆದು ಮುಂದಿನವನ್ನು 34ಕ್ಕೆ ತಂದಿಡುತ್ತೇನೆ. ಹಿಂದಿನದಕ್ಕೆ ಎಷ್ಟು ಅನ್ನುವುದರಲ್ಲೇ ಸ್ವಿಫ್ಟಿನ ಮೂಗು ತಿರುಗುವ ಗುಟ್ಟು ಇದೆ. ಅದನ್ನು ಹೇಳುವುದಿಲ್ಲ, ನಿಮ್ಮ ಕಾರಿಗೆ ನೀವೇ ಹುಡುಕಿಕೊಳ್ಳಬೇಕು. ಮನೆಗೆ ಹೊರಡುವ ಮುಂಚೆ ಮತ್ತೆ ಗಾಳಿ ತುಂಬಿಸಿಕೊಳ್ಳಲು ಸಣ್ಣ ಕಂಪ್ರೆಸರ್ ಡಿಕ್ಕಿಯಲ್ಲಿರಲಿ.

ಕಾರಿಗಿಂತ ಕಷ್ಟವಾದದ್ದು ಜನರನ್ನು ಒಪ್ಪಿಸುವುದು. ನಮ್ಮ ಭಾನುವಾರದ ಸಭೆಯಲ್ಲಿ ಇದಕ್ಕೇ ಎರಡು ತಿಂಗಳು ಜಗಳವಾಯಿತು. ಮೊದಲು ನಮ್ಮ ಸೆಷನ್ 20 ನಿಮಿಷದ್ದು. ನಾನು 12 ನಿಮಿಷ ಅಂದೆ. ಒಂದು ಸುತ್ತು ಬಿಸಿ ಮಾಡಲು, ಮೂರು ಸುತ್ತು ಜೋರಾಗಿ, ಒಂದು ಸುತ್ತು ಬ್ರೇಕ್ ಮುಟ್ಟದೆ ತಣ್ಣಗಾಗಲು. "ಪೂರ್ತಿ ದಿನಕ್ಕೆ ದುಡ್ಡು ಕೊಟ್ಟು ಮೂರೇ ಸುತ್ತಾ?" ಅಂತ ಕೇಳಿದರು. ಎರಡನೇ ಜಗಳ ಗುಂಪಿನದು. ಅಶ್ವಶಕ್ತಿ ನೋಡಿ ಗುಂಪು ಮಾಡಬೇಕು ಅನ್ನುವುದು ಎಲ್ಲರ ವಾದ. ನಾನು ಡ್ರೈವರಿನ ಅನುಭವ ನೋಡಿ ಮಾಡೋಣ ಅಂದೆ. 180 ಬಿಎಚ್‌ಪಿ ಕಾರಿನಲ್ಲಿ ಮೊದಲ ಸಲ ಬರುವವನು ಪಳಗಿದವರ ನಡುವೆ ಸಿಕ್ಕಿಕೊಂಡರೆ ಎರಡು ಕಡೆಗೂ ಅಪಾಯ. ಕ್ಲಬ್ಬಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಶೋಲಾವರಂನ ಹಳೇ ವಿಮಾನ ಓಡುದಾರಿಯಲ್ಲಿ ನಡೆಯುತ್ತಿದ್ದ ರೇಸುಗಳನ್ನು ಕಣ್ಣಾರೆ ಕಂಡವರು. ಅವರು ನನ್ನ ಪರ ನಿಂತರು, ಆಮೇಲೆ ಉಳಿದವರು ಮೆತ್ತಗಾದರು.

ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಅತ್ತಿಬೆಲೆ ದಾಟಿದೆವು. ಕೃಷ್ಣಗಿರಿ ಆದ ಮೇಲೆ ಇಡ್ಲಿ ತಿಂದು, ರಾಣಿಪೇಟೆ, ಕಾಂಚೀಪುರ ಹಾದು ಶ್ರೀಪೆರಂಬುದೂರಿನ ಹತ್ತಿರ ರೂಮು. ಭಾನುವಾರ ಏಳಕ್ಕೆ ಟ್ರ್ಯಾಕು. ಟೋಯಿಂಗ್ ಹುಕ್ಕು, ಹೆಲ್ಮೆಟ್ಟು, ತುಂಬುತೋಳಿನ ಬಟ್ಟೆ ನೋಡಿಯೇ ಒಳಗೆ ಬಿಟ್ಟರು. ಬಾವುಟಗಳ ಪಾಠ ಆಯಿತು. ಓವರ್‌ಟೇಕಿಂಗ್ ನೇರ ದಾರಿಯಲ್ಲಿ ಮಾತ್ರ, ಅದೂ ಮುಂದಿನವರು ಕೈ ತೋರಿಸಿದರೆ.

ಮೂರು ಗುಂಪು, ಸರದಿಯ ಮೇಲೆ ಒಬ್ಬೊಬ್ಬರಿಗೆ ಏಳು ಸೆಷನ್ ಸಿಕ್ಕಿತು. ಏಳೈದಲ ಮೂವತ್ತೈದು. ಹಿಂದಿನ ಎರಡು ಸಲದ ಒಟ್ಟು ಸುತ್ತಿಗಿಂತಲೂ ಜಾಸ್ತಿ! ಕೆಟ್ಟದ್ದು ಒಂದೇ ನಡೆಯಿತು. ಎರಡನೇ ಸೆಷನ್ ಮುಗಿಸಿ ಬಂದ ಹುಡುಗನೊಬ್ಬ ಅಭ್ಯಾಸಬಲದಿಂದ ಹ್ಯಾಂಡ್‌ಬ್ರೇಕ್ ಎಳೆದುಬಿಟ್ಟ. ಹಿಂದಿನ ಶೂ ಡ್ರಮ್ಮಿಗೆ ಕಚ್ಚಿಕೊಂಡಿತು. ಮರದ ತುಂಡು ಅಡ್ಡ ಹಿಡಿದು ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಬಿಡಿಸುವಷ್ಟರಲ್ಲಿ ಅವನ ಒಂದು ಸೆಷನ್ ಹೋಯಿತು. ಬಿಸಿ ಬ್ರೇಕಿನಲ್ಲಿ ಕಾರು ನಿಲ್ಲಿಸಿದರೆ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ನನ್ನ ಒಳ್ಳೆಯ ಸುತ್ತು ಆರನೇ ಸೆಷನ್ನಿನಲ್ಲಿ ಬಂತು, 2 ನಿಮಿಷ 19 ಸೆಕೆಂಡು. ಸ್ಟಾಕ್ ಎಂಜಿನ್ನು, 87 ಬಿಎಚ್‌ಪಿ. ಪೆಡಲು ಬೆಳಿಗ್ಗೆ ಎಷ್ಟು ಎತ್ತರಕ್ಕಿತ್ತೋ ಸಂಜೆಯೂ ಅಷ್ಟೇ ಇತ್ತು. ನನಗಿಂತ 60-70 ಬಿಎಚ್‌ಪಿ ಹೆಚ್ಚಿದ್ದ ಒಂದು ಸೆಡಾನ್ ಮಧ್ಯಾಹ್ನದ ಮೇಲೆ ತಿರುವಿಗೆ ಮುಂಚೆ ಬೇಗ ಬೇಗ ಬ್ರೇಕ್ ಹಿಡಿಯತೊಡಗಿತು. ಕೊನೆಯ ಸೆಷನ್ನಿನಲ್ಲಿ ಅದು ನನಗೆ ಕೈ ತೋರಿಸಿ ದಾರಿ ಬಿಟ್ಟಿತು. ಆ ಕ್ಷಣ ಮರೆಯುವುದಿಲ್ಲ.

ಬಿಡಿಯಾಗಿ ಎರಡು ಮಾತು. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೇ ಇರಲಿ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಬಿಡಬೇಡಿ. ಟ್ರ್ಯಾಕಿನಲ್ಲಿ ಲೀಟರಿಗೆ ಐದಾರು ಕಿಲೋಮೀಟರ್ ಬಂದರೆ ಹೆಚ್ಚು. ಬಿಸಿ ಮುಳ್ಳು ಏರಿದರೆ ತಣ್ಣನೆ ಸುತ್ತಿನಲ್ಲಿ ಹೀಟರನ್ನು ಪೂರ್ತಿ ತಿರುಗಿಸಿ. ಬೆವರು ಕಿತ್ತುಬರುತ್ತದೆ, ಮುಳ್ಳು ಇಳಿಯುತ್ತದೆ. ಇನ್ನು ಇನ್ಶೂರೆನ್ಸು. ಪಾಲಿಸಿಯಲ್ಲಿ ರೇಸಿಂಗು, ಸ್ಪೀಡ್ ಟೆಸ್ಟಿಂಗು ಹೊರಗೆ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಗುದ್ದಿದರೆ ಪೂರ್ತಿ ಖರ್ಚು ನಿಮ್ಮದೇ. ರಿಪೇರಿ ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಹೋಗಿ.

ಈ ಸಲ ಪ್ಯಾಡು, ಡಿಸ್ಕು, ಶೂ, ಆಯಿಲು, ಪೈಪು ಎಲ್ಲ ಸೇರಿ 17 ಸಾವಿರ. ಟ್ರ್ಯಾಕಿನ ಪಾಲು 9 ಸಾವಿರ ಚಿಲ್ಲರೆ. ಪೆಟ್ರೋಲು, ಟೋಲು, ರೂಮು, ಊಟ ಇನ್ನೊಂದು 9 ಸಾವಿರ. ಒಟ್ಟು 35 ಸಾವಿರ, ಅದರಲ್ಲಿ ಡಿಸ್ಕು, ಶೂ, ಪೈಪು ಮತ್ತೆ ಬೇಕಾಗುವುದಿಲ್ಲ. ವಾಪಸ್ ಬಂದ ವಾರ ಚಕ್ರ ಬಿಚ್ಚಿ ಪ್ಯಾಡ್ ಅಳೆದೆ. ಹೊಸದಿದ್ದಾಗ 10 ಮಿಲಿಮೀಟರ್ ಇತ್ತು, ಈಗ 6 ಉಳಿದಿದೆ. ಮುಂದಿನ ಸಲಕ್ಕೂ ಇದೇ ಪ್ಯಾಡು ನಡೆಯುತ್ತದೆ.