ಡ್ರಮ್ಸ್ ಮುಂದೆ ಕೂತು ಸೋಲ್ ಕಲಿತದ್ದು

ಸೋಲ್ ಸಂಗೀತ ಕಲಿಯಲು ಹೊರಟಾಗ ನಾನು ಮೊದಲು ಮಾಡಿದ್ದು ಚಪ್ಪಾಳೆ ತಟ್ಟುವ ಅಭ್ಯಾಸ. ಈ ಸಂಗೀತದ ಬೇರು ಅಮೆರಿಕದ ಕಪ್ಪು ಜನರ ಚರ್ಚ್‌ಗಳಲ್ಲಿದೆ. ಅಲ್ಲಿನ ಭಕ್ತಿಗೀತೆಗಳಾದ ಗಾಸ್ಪೆಲ್ ಹಾಡುವಾಗ ಸಭೆಯವರೆಲ್ಲ ನಾಲ್ಕು ಎಣಿಕೆಯ ತಾಳದಲ್ಲಿ ಎರಡನೆಯ, ನಾಲ್ಕನೆಯ ಎಣಿಕೆಗೆ ಚಪ್ಪಾಳೆ ಹಾಕುತ್ತಾರೆ. ಡ್ರಮ್ಸ್‌ನಲ್ಲಿ ಅದೇ ಸ್ನೇರ್‌ನ, ಅಂದರೆ ಚುರುಕು ಸದ್ದಿನ ಚಿಕ್ಕ ಡ್ರಮ್‌ನ ಏಟು. 1954ರಲ್ಲಿ ಗಾಯಕ ರೇ ಚಾರ್ಲ್ಸ್ ಗಾಸ್ಪೆಲ್ ಧಾಟಿಗೆ ಪ್ರೇಮದ ಮಾತು ಕೂಡಿಸಿ ‘ಐ ಗಾಟ್ ಎ ವುಮನ್’ ಹಾಡಿದರು. ದೇವರ ಹಾಡನ್ನು ಕೆಡಿಸಿದರೆಂದು ಬೈದವರೂ ಇದ್ದರು.

ನನ್ನನ್ನು ಹೆಚ್ಚು ಹಿಡಿದು ಕೂರಿಸಿದ್ದು ಮೆಂಫಿಸ್‌ನ ಸ್ಟ್ಯಾಕ್ಸ್. ಹಳೆಯ ಸಿನಿಮಾ ಥಿಯೇಟರನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ರೆಕಾರ್ಡ್ ಕಂಪನಿ ಅದು. 1965ರಲ್ಲಿ ಗಾಯಕ ವಿಲ್ಸನ್ ಪಿಕೆಟ್ ಅಲ್ಲಿ ‘ಇನ್ ದ ಮಿಡ್‌ನೈಟ್ ಅವರ್’ ಹಾಡುವಾಗ, ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಆಗಿನ ಹುಡುಗರ ‘ಜರ್ಕ್’ ಕುಣಿತವನ್ನು ತಾವೇ ಕುಣಿದು ತೋರಿಸಿದರು. ಅದಕ್ಕೆ ಹೊಂದುವಂತೆ ಡ್ರಮ್ಮರ್ ಆಲ್ ಜಾಕ್ಸನ್ ಜೂನಿಯರ್, ಗಿಟಾರ್‌ನ ಸ್ಟೀವ್ ಕ್ರಾಪರ್ ಇಬ್ಬರೂ ಎರಡು ಮತ್ತು ನಾಲ್ಕರ ಏಟನ್ನು ಕೂದಲೆಳೆಯಷ್ಟು ತಡೆದು ಹಾಕಿದರು. ಇದನ್ನು ಕೈಗೆ ತರಲು ಕ್ಲಿಕ್ ಸದ್ದಿನಿಂದ ಲಯ ತೋರಿಸುವ ಮೆಟ್ರೊನೋಮ್ ನಿಧಾನಕ್ಕಿಟ್ಟೆ. ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಮತ್ತು ಹೈಹ್ಯಾಟ್ (ಜೋಡಿ ತಾಳದ ತಟ್ಟೆ) ಸರಿಯಾಗಿ ಕ್ಲಿಕ್‌ನ ಮೇಲೆ, ಎಡಗೈಯ ಸ್ನೇರ್ ಮಾತ್ರ ಕ್ಲಿಕ್ ದಾಟಿದ ಮೇಲೆ. ಸ್ನೇರ್ ತಡವಾದರೂ ಹಾಡಿನ ವೇಗ ಇಳಿಯಬಾರದು, ಕಷ್ಟವಿರುವುದು ಅಲ್ಲೇ. ಬೇಸ್ ಗಿಟಾರಿನ ಗೆಳೆಯನನ್ನು ಜೊತೆಗೆ ಕೂರಿಸಿಕೊಂಡ ಮೇಲೆ ಅದು ಕೂಡಿಬಂತು.

ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ದಾರಿ ಬೇರೆ. ಅಲ್ಲಿನ ಎಷ್ಟೋ ಹಾಡುಗಳಲ್ಲಿ ಸ್ನೇರ್ ನಾಲ್ಕೂ ಎಣಿಕೆಗೆ ಬೀಳುತ್ತದೆ.

ಗಾಯಕ ಜೇಮ್ಸ್ ಬ್ರೌನ್ ತಾಳದ ಭಾರವನ್ನೆಲ್ಲ ಒಂದನೆಯ ಎಣಿಕೆಗೆ ತಂದರು. 1967ರ ಅವರ ‘ಕೋಲ್ಡ್ ಸ್ವೆಟ್’ನಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಂಪುಗಳು) ಹೆಚ್ಚು ಕದಲುವುದೇ ಇಲ್ಲ, ಗಿಟಾರ್, ಸ್ಯಾಕ್ಸೊಫೋನ್ ಎಲ್ಲವೂ ತಾಳವಾದ್ಯಗಳಾಗಿಬಿಡುತ್ತವೆ. ನನ್ನ ಪ್ರಕಾರ, ತಾಳಕ್ಕೇ ಒತ್ತು ಕೊಡುವ ಫಂಕ್ ಸಂಗೀತದ ಪೂರ್ಣರೂಪ ಮೊದಲು ಕೇಳುವುದು ಇಲ್ಲಿಯೇ. ಆ ಹಾಡಿನ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್. 1969ರಲ್ಲಿ ಧ್ವನಿಮುದ್ರಣವಾದ ಬ್ರೌನ್ ಅವರದೇ ‘ಫಂಕಿ ಡ್ರಮ್ಮರ್’ನಲ್ಲಿ ಉಳಿದವರು ನಿಂತು ಅವರೊಬ್ಬರೇ ನುಡಿಸುವ ಚಿಕ್ಕ ಭಾಗವೊಂದಿದೆ. ಹಿಪ್‌ಹಾಪ್‌ನವರು ಅದನ್ನು ಕತ್ತರಿಸಿ ಲೂಪ್ ಮಾಡಿ, ಅಂದರೆ ಮತ್ತೆ ಮತ್ತೆ ಬರುವಂತೆ ಜೋಡಿಸಿ, ನೂರಾರು ಹಾಡುಗಳಿಗೆ ಬಳಸಿದರು. ಪಬ್ಲಿಕ್ ಎನಿಮಿ ಎಂಬ ಹಿಪ್‌ಹಾಪ್ ತಂಡದ 1989ರ ‘ಫೈಟ್ ದ ಪವರ್’ನಲ್ಲೂ ಅದಿದೆ. ರಚನೆ ಬ್ರೌನ್ ಹೆಸರಿನಲ್ಲಿದ್ದುದರಿಂದ ಸ್ಟಬಲ್‌ಫೀಲ್ಡ್‌ಗೆ ರಾಯಲ್ಟಿ ದಕ್ಕಲಿಲ್ಲ. ಆ ಅನ್ಯಾಯ ನನ್ನನ್ನು ಈಗಲೂ ಕಾಡುತ್ತದೆ.

ಆ ಭಾಗ ಕಲಿಯುವಾಗ ಗಟ್ಟಿ ಏಟುಗಳನ್ನು ಬದಿಗಿಟ್ಟು, ನಡುವೆ ಸ್ನೇರ್ ಮೇಲೆ ಬೀಳುವ ಮೆದು ಏಟುಗಳನ್ನೇ ಮೊದಲು ಹಿಡಿದೆ. ಕೋಲನ್ನು ಚರ್ಮದಿಂದ ಒಂದೆರಡು ಅಂಗುಲಕ್ಕಿಂತ ಮೇಲೆತ್ತದೆ, ಬೆರಳಿನಿಂದಲೇ ಬಿಡಬೇಕು. ಗಟ್ಟಿ ಏಟುಗಳನ್ನು ಆಮೇಲೆ ಸೇರಿಸಿದೆ.